ಸಿಳ್ಳೆ ಹೊಡೆಯುವ ಜಾಲಿಮರ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಕಿರುಭಾಷಣದ ಬರಹರೂಪ)



ಮುಂಬೈಯ ಹತ್ತಿರದ ವಸಾಯಿ ಕೋಟೆ ನೋಡಿ ಬಂದವರು ಅಲ್ಲೊಂದು ವಿಚಿತ್ರ ಮರವನ್ನು ಗಮನಿಸಿರಬಹುದು. ಆನೆಯ ಕಾಲಿನಂಥ ದಪ್ಪ ಕಾಂಡ. ಎಲೆ ಉದುರಿದ ಮೇಲೆ ನೋಡಿದರಂತೂ ಯಾರೋ ಮರವನ್ನು ಕಿತ್ತು, ಬೇರು ಮೇಲೆ ಮಾಡಿ ನೆಟ್ಟ ಹಾಗೆ ಕಾಣುತ್ತದೆ. ಮರಾಠಿಯಲ್ಲಿ ಇದು ಗೋರಖ್ ಚಿಂಚ್. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನವರಿಗೆ ದೊಡ್ಡ ಹುಣಸೆ. ಹೆಸರು ಹುಣಸೆಯಾದರೂ ಇದು ಬೇರೆಯೇ ಕುಲದ ಮರ, ಬಾವೋಬಾಬ್. ಇದರ ತವರು ಆಫ್ರಿಕಾದ ಸವನ್ನಾ. ಇವತ್ತು ಆ ತವರಿಗೆ ಒಮ್ಮೆ ಹೋಗಿಬರೋಣ, ಬನ್ನಿ.

ಸವನ್ನಾ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ವರ್ಷವಿಡೀ ಬೆಚ್ಚಗಿನ ಹವೆ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಕಾಲ: ಮಳೆ ಇರುವ ಕಾಲ, ಮಳೆ ಇಲ್ಲದ ಕಾಲ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹನಿ ನೀರಿಲ್ಲ. ಒಣಗಿದ ಹುಲ್ಲಿಗೆ ಬೆಂಕಿ. ಜತೆಗೆ ಆನೆ, ಜಿರಾಫೆ, ಜೀಬ್ರಾಗಳ ದೊಡ್ಡ ದೊಡ್ಡ ಹೊಟ್ಟೆಗಳು! ಅಲ್ಲಿ ಹುಟ್ಟಿದ ಪ್ರತಿಯೊಂದು ಜೀವವೂ ಬರಗಾಲ, ಬೆಂಕಿ, ಹಸಿದ ಬಾಯಿ ಈ ಮೂರಕ್ಕೂ ತನ್ನದೇ ಉತ್ತರ ಕಂಡುಕೊಂಡಿದೆ.

ಹುಲ್ಲಿನ ಉತ್ತರ ಸರಳ. ಅದು ಬೆಳೆಯುವ ಕಣ್ಣು ಇರುವುದು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು. ತುದಿ ಮೇಯ್ದರೂ, ಸುಟ್ಟರೂ ಜೀವ ಕೆಳಗೆ ಭದ್ರ. ಮೊದಲ ಮಳೆ ಬಿದ್ದರೆ ಸಾಕು, ಮತ್ತೆ ಹಸಿರು.

ಬಾವೋಬಾಬ್ ಮೆತ್ತನೆಯ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ನೀರು ಆವಿಯಾಗದಂತೆ ಒಣಗಾಲದಲ್ಲಿ ಎಲೆಗಳನ್ನೆಲ್ಲ ಉದುರಿಸುತ್ತದೆ. ಎಲೆ ಇಲ್ಲದಾಗಲೂ ತೊಗಟೆಯ ಕೆಳಗಿನ ಹಸಿರು ಪದರ ಅಷ್ಟಿಷ್ಟು ಆಹಾರ ತಯಾರಿಸುತ್ತದೆ. ಆನೆ ತೊಗಟೆ ಸುಲಿದರೆ ಮತ್ತೆ ಬೆಳೆಸಿಕೊಳ್ಳುತ್ತದೆ.

ಮರ ನಿಂತಲ್ಲೇ ಉಳಿಯುತ್ತದೆ, ಪ್ರಾಣಿ ನಡೆಯುತ್ತದೆ. ತಾಂಜಾನಿಯಾದ ಸೆರೆಂಗೆಟಿಯಲ್ಲಿ ವಿಲ್ಡೆಬೀಸ್ಟ್ ಎಂಬ ಗಡ್ಡದ ಪ್ರಾಣಿಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಳೆಯ ಬೆನ್ನು ಹತ್ತಿ ಗುಳೆ ಹೊರಡುತ್ತವೆ. ದಕ್ಷಿಣದ ಬಯಲು ಒಣಗಿದಾಗ ಉತ್ತರಕ್ಕೆ, ಕೀನ್ಯಾದ ಮಾರಾ ನದಿಯ ಕಡೆಗೆ. ಮಳೆ ಮರಳಿದಾಗ ಮತ್ತೆ ದಕ್ಷಿಣಕ್ಕೆ. ಫೆಬ್ರವರಿಯ ಆಸುಪಾಸಿನಲ್ಲಿ, ಎರಡು ಮೂರು ವಾರಗಳೊಳಗೆ, ಬಹುಪಾಲು ಕರುಗಳು ಒಟ್ಟಿಗೆ ಹುಟ್ಟುತ್ತವೆ. ಸಿಂಹ, ಕತ್ತೆಕಿರುಬಗಳು ಎಷ್ಟೆಂದು ತಿಂದಾವು? ಉಳಿದವು ಬದುಕುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದು ನಿಲ್ಲುತ್ತದೆ. ನಿಧಾನ ಮಾಡಿದರೆ ಅಲ್ಲಿ ಉಳಿಗಾಲವಿಲ್ಲ.

ಆದರೆ ನನ್ನಂಥ ರೇಡಿಯೋದವಳಿಗೆ ತುಂಬ ಇಷ್ಟವಾದದ್ದು ಸಿಳ್ಳೆ ಹೊಡೆಯುವ ಒಂದು ಜಾಲಿಮರ. ಪೂರ್ವ ಆಫ್ರಿಕಾದ ಈ ಜಾಲಿಯ ಕೆಲವು ಮುಳ್ಳುಗಳ ಬುಡ ಉಬ್ಬಿ, ಟೊಳ್ಳು ಗುಂಡಿನಂತಾಗುತ್ತದೆ. ಇರುವೆಗಳು ಅದಕ್ಕೆ ತೂತು ಕೊರೆದು ಮನೆ ಮಾಡುತ್ತವೆ. ಗಾಳಿ ಬೀಸಿದಾಗ ಆ ತೂತುಗಳಿಂದ ಸಿಳ್ಳೆಯ ಸದ್ದು! ಮರ ಇರುವೆಗಳಿಗೆ ಮನೆ ಕೊಟ್ಟು, ಸಿಹಿರಸವನ್ನೂ ಉಣಿಸುತ್ತದೆ. ಪ್ರತಿಯಾಗಿ ಇರುವೆಗಳು, ಎಲೆಗೆ ಬಾಯಿ ಹಾಕಿದ ಆನೆ, ಜಿರಾಫೆಗಳ ಮೇಲೆ ಮುಗಿಬೀಳುತ್ತವೆ.

ಕೀನ್ಯಾದಲ್ಲಿ ವಿಜ್ಞಾನಿಗಳು ಇಂಥ ಕೆಲವು ಮರಗಳಿಗೆ ಬೇಲಿ ಹಾಕಿ, ದೊಡ್ಡ ಪ್ರಾಣಿಗಳು ಹತ್ತಿರ ಬಾರದಂತೆ ಹತ್ತು ವರ್ಷ ಕಾಪಾಡಿದರು. ಶತ್ರುವಿನ ಕಾಟವಿಲ್ಲ, ಮರ ಸೊಂಪಾಗಿ ಬೆಳೆಯಬೇಕಲ್ಲವೇ? 2008ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧವಾಗಿತ್ತು. ಕಾವಲು ಬೇಡವೆಂದು ಮರ ಸಿಹಿರಸವನ್ನೂ ಮುಳ್ಳಿನ ಮನೆಗಳನ್ನೂ ಕಡಿಮೆ ಮಾಡಿತು. ಕಾವಲಿನ ಇರುವೆಗಳು ಕ್ಷೀಣಿಸಿದವು. ಮರ ಕಾಯದ ಬೇರೊಂದು ಜಾತಿಯ ಇರುವೆ ಆ ಜಾಗಕ್ಕೆ ಬಂತು, ಅದರ ಹಿಂದೆಯೇ ಕಾಂಡ ಕೊರೆಯುವ ಹುಳುಗಳು. ಬೇಲಿಯೊಳಗಿನ ಮರಗಳ ಬೆಳವಣಿಗೆ ಕುಂಠಿತವಾಯಿತು, ಸಾವು ಹೆಚ್ಚಾಯಿತು.

ನೋಡಿ ಕೇಳುಗರೇ, ಆನೆಯ ಕಾಟಕ್ಕೆಂದು ಮಾಡಿಕೊಂಡ ಏರ್ಪಾಡೇ ಮರದ ಬಾಳಿಗೆ ಆಧಾರವಾಗಿಬಿಟ್ಟಿತ್ತು. ಹೊಂದಿಕೊಳ್ಳುವುದು ತಲೆತಲಾಂತರದ ಕೆಲಸ, ಕೆಡಿಸುವುದಕ್ಕೆ ಹತ್ತು ವರ್ಷ ಸಾಕು.

ಬಾವೋಬಾಬ್‌ನ ಸುದ್ದಿಯೂ ಈಗ ಕಳವಳದ್ದೇ. 2018ರ ಒಂದು ಅಧ್ಯಯನದ ಪ್ರಕಾರ, ಆಫ್ರಿಕಾದ ಅತಿ ಹಳೆಯ 13 ಬಾವೋಬಾಬ್‌ಗಳಲ್ಲಿ 9 ಮರಗಳು ಅದಕ್ಕೆ ಹಿಂದಿನ 12 ವರ್ಷಗಳಲ್ಲಿ ಪೂರ್ತಿ ಸತ್ತಿದ್ದವು, ಇಲ್ಲವೇ ಅವುಗಳ ಅತಿ ಹಳೆಯ ಭಾಗ ಕುಸಿದಿತ್ತು. ರೋಗದ ಗುರುತು ಕಾಣಲಿಲ್ಲ. ಬದಲಾಗುತ್ತಿರುವ ಹವಾಮಾನವೇ ಕಾರಣವಿರಬಹುದೆಂಬ ಸಂಶಯ ಅಧ್ಯಯನಕಾರರದು. ಸಾವಿರ ವರ್ಷದ ಒಣಗಾಲಗಳನ್ನು ದಾಟಿದ ಮರಗಳಿವು!

ಮುಂದಿನ ಸಲ ವಸಾಯಿಗೋ ಸವಣೂರಿಗೋ ಹೋದಾಗ ಆ ಮರದ ಬುಡದಲ್ಲಿ ಒಂದು ನಿಮಿಷ ನಿಲ್ಲಿ. ಜತೆಗೆ ಮಕ್ಕಳಿದ್ದರೆ, ಅದು ಏಕೆ ಅಷ್ಟು ದಪ್ಪ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಈಗ ನಿಮಗೆ ಗೊತ್ತಿದೆ.