ಗುಳ್ಳೆ ಎದ್ದದ್ದು ಯಾವ ಪದರದಲ್ಲಿ?



ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ಸರ್ಪಸುತ್ತು ಅನ್ನುತ್ತೇವೆ, ಇಲ್ಲವೇ ಅಮ್ಮ ಅನ್ನುತ್ತೇವೆ. ಅವೆರಡೂ ವೈರಸ್ಸಿನಿಂದ ಬರುವಂಥವು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಆರುತ್ತವೆ. ಆದರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಎದ್ದು, ತಿಂಗಳುಗಟ್ಟಲೆ ಕಾಡುವ ಗುಳ್ಳೆಗಳೂ ಇವೆ. ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳೇ ನಮ್ಮ ಚರ್ಮದ ಪ್ರೋಟೀನಿನ ಮೇಲೆ ತಿರುಗಿಬಿದ್ದಾಗ ಹೀಗಾಗುತ್ತದೆ. ಅದು ಯಾವ ಪ್ರೋಟೀನು, ಚರ್ಮದಲ್ಲಿ ಎಲ್ಲಿದೆ ಎಂದು ಹುಡುಕಿದವರ ಕಥೆ ಇವತ್ತಿನದು.

1791ರಲ್ಲಿ ಜರ್ಮನಿಯ ವಿಖ್‌ಮನ್ ಇಂಥ ದೀರ್ಘಕಾಲದ ಗುಳ್ಳೆರೋಗವನ್ನು ಪೆಂಫಿಗಸ್ ಎಂದು ಕರೆದ. ಆಮೇಲೆ ಸುಮಾರು ಒಂದೂವರೆ ಶತಮಾನ ಬೇರೆ ಬೇರೆ ರೋಗಗಳೆಲ್ಲ ಆ ಒಂದೇ ಹೆಸರಿನಡಿ ಕಲೆತುಹೋಗಿದ್ದವು. ಬಿಡಿಸಿದ್ದು ಬಾಸ್ಟನ್ನಿನ ವಾಲ್ಟರ್ ಲಿವರ್, 1953ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಅವರು ಕಂಡ ವ್ಯತ್ಯಾಸ ಇಷ್ಟು: ಗೋಡೆಯ ಇಟ್ಟಿಗೆಗಳ ನಡುವಣ ಗಾರೆ ಉದುರುವುದು ಒಂದು, ಗೋಡೆಯೇ ತಳಪಾಯದಿಂದ ಏಳುವುದು ಇನ್ನೊಂದು. ಮೇಲ್ಚರ್ಮದ ಜೀವಕೋಶಗಳು ಒಂದರಿಂದೊಂದು ಬಿಟ್ಟುಕೊಂಡರೆ ಪೆಂಫಿಗಸ್. ಮೇಲ್ಚರ್ಮವೇ ಒಳಚರ್ಮದಿಂದ ಮೇಲೆದ್ದರೆ ಪೆಂಫಿಗಾಯ್ಡ್.

ಚರ್ಮವನ್ನು ಹೀಗೆ ಬಿಡಿಸುತ್ತಿರುವವರು ಯಾರು ಎಂಬ ಪ್ರಶ್ನೆಗೆ ಅಮೆರಿಕದ ಬಫಲೋ ನಗರದಲ್ಲಿ ಉತ್ತರ ಸಿಕ್ಕಿತು. 1964ರಲ್ಲಿ ಬ್ಯೂಟ್ನರ್ ಮತ್ತು ಜಾರ್ಡನ್ ಪೆಂಫಿಗಸ್ ರೋಗಿಗಳ ಸೀರಮ್ಮನ್ನು ಅಂಗಾಂಶದ ತೆಳುಪದರಕ್ಕೆ ಹಾಕಿ, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯದಿಂದ ಅದರಲ್ಲಿನ ಪ್ರತಿಕಾಯವನ್ನು ಹುಡುಕಿದರು. ಜೀವಕೋಶಗಳ ಸುತ್ತ ಹಸಿರು ಗೆರೆ ಹೊಳೆಯಿತು. ಮೂರು ವರ್ಷದ ಮೇಲೆ ಪೆಂಫಿಗಾಯ್ಡ್ ನೋಡಿದಾಗ ಹಸಿರು ಗೆರೆ ಮೇಲ್ಚರ್ಮದ ಬುಡದಲ್ಲಿತ್ತು. 1982ರಲ್ಲಿ ಪೆಂಫಿಗಸ್ ರೋಗಿಗಳ ಪ್ರತಿಕಾಯವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಮರಿಗಳಿಗೂ ಗುಳ್ಳೆ ಎದ್ದವು. ತಪ್ಪಿತಸ್ಥ ಪ್ರತಿಕಾಯವೇ ಎಂಬುದು ಖಚಿತವಾಯಿತು.

ಪ್ರೋಟೀನಿನ ಗುರುತು ಮಾತ್ರ ಬಾಕಿ ಇತ್ತು. 1991ರಲ್ಲಿ ಜಪಾನಿನ ಅಮಗಾಯ್, ಅಮೆರಿಕದ ಸ್ಟ್ಯಾನ್ಲಿ ಮತ್ತು ಸಂಗಡಿಗರು ಅದರ ಜೀನನ್ನೇ ಹಿಡಿದರು. ಇಂದು ಆ ಪ್ರೋಟೀನಿಗೆ ಡೆಸ್ಮೋಗ್ಲೀನ್ 3 ಎಂದು ಹೆಸರು. ಬಾಯಿಯ ಒಳಪೊರೆಯನ್ನು ಹಿಡಿದಿಡುವುದು ಮುಖ್ಯವಾಗಿ ಇದೇ. ಅದಕ್ಕೇ ಎಷ್ಟೋ ರೋಗಿಗಳಿಗೆ ಮೈಮೇಲೆ ಗುಳ್ಳೆ ಏಳುವ ಮೊದಲು ಬಾಯಿ ಹುಣ್ಣಾಗುತ್ತದೆ, ಖಾರದ ಸಾರು ನಾಲಿಗೆಗೆ ಇಡಲಾಗುವುದಿಲ್ಲ. ಚರ್ಮದ ಮೇಲುಪದರದಲ್ಲಿ ಹೆಚ್ಚಾಗಿರುವ ಡೆಸ್ಮೋಗ್ಲೀನ್ 1 ಒಂದಕ್ಕೇ ಪೆಟ್ಟು ಬಿದ್ದರೆ ಬಾಯಿ ಉಳಿದುಕೊಳ್ಳುತ್ತದೆ, ಚರ್ಮ ತೆಳುವಾಗಿ ಸುಲಿಯುತ್ತದೆ.

ಬುಡದಲ್ಲಿ ಹೊಳೆಯುವ ಗೆರೆಯನ್ನು ಇನ್ನೂ ಬಿಡಿಸಿ ನೋಡಲು 1980ರ ದಶಕದಲ್ಲಿ ಹೊಸ ದಾರಿ ಬಂತು. ಆರೋಗ್ಯವಂತ ಚರ್ಮದ ಚೂರನ್ನು ಗಾಢವಾದ ಉಪ್ಪುನೀರಿನಲ್ಲಿ ನೆನೆಸಿದರೆ ಎರಡೂ ಪದರ ಬೇರೆಯಾಗುತ್ತವೆ. ಅದಕ್ಕೆ ರೋಗಿಯ ಸೀರಂ ಹಾಕಿದಾಗ ಹಸಿರು ಮೇಲಿನ ಪದರಕ್ಕೆ ಅಂಟಿದರೆ ಸಾಮಾನ್ಯವಾಗಿ ಪೆಂಫಿಗಾಯ್ಡ್. ಕೆಳಗಿನದಕ್ಕೆ ಅಂಟಿದರೆ ಏಳನೇ ಬಗೆಯ ಕೊಲಾಜೆನ್ನಿಗೆ ಪೆಟ್ಟು ಬಿದ್ದಿರಬಹುದು. ಅದು ಔಷಧಕ್ಕೆ ಸುಲಭವಾಗಿ ಬಗ್ಗದ ಬೇರೊಂದು ರೋಗ.

ಈ ವಿದ್ಯೆ ನಮ್ಮ ನಾಡಿಗೂ ಬಂದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಡಾ. ರಾಘವೇಂದ್ರ ರಾವ್ ಮತ್ತು ಸಂಗಡಿಗರು ಇಂಥ ಪರೀಕ್ಷೆಗಳ ಬಗ್ಗೆ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ದೂರದ ಊರಿನ ರೋಗಿಗೆ ನೆರವಾದದ್ದು 1972ರಲ್ಲಿ ಬಂದ ಮಿಷೆಲ್ ದ್ರಾವಣ. ರೋಗಿಯ ಚರ್ಮದಲ್ಲೇ ಪ್ರತಿಕಾಯ ಹುಡುಕುವ ಪರೀಕ್ಷೆಗೆ ಫಾರ್ಮಲಿನ್‌ನಲ್ಲಿಟ್ಟ ಚರ್ಮ ಒದಗುವುದಿಲ್ಲ. ಮಿಷೆಲ್ ದ್ರಾವಣದಲ್ಲಿಟ್ಟದ್ದು ಐಸ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲ. ಹಾಗಾಗಿ ರೋಗಿ ಊರೂರು ಅಲೆಯದೆ, ಗುಳ್ಳೆಯ ಪಕ್ಕದ ಚರ್ಮದ ಸಣ್ಣ ಚೂರನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಬಹುದು.

ಸ್ಟೀರಾಯ್ಡ್ ಬರುವ ಮೊದಲು ಪೆಂಫಿಗಸ್ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರೀಚ ತಿಂಗಳಿಗೊಮ್ಮೆ ಮೂರು ದಿನ ದೊಡ್ಡ ಪ್ರಮಾಣದ ಔಷಧ ಕೊಡುವ ಪಲ್ಸ್ ಚಿಕಿತ್ಸೆ ರೂಪಿಸಿದರು. ದೇಶದ ತುಂಬ ಅದು ಹಬ್ಬಿತು. ಪ್ರತಿಕಾಯ ತಯಾರಿಯ ಮೂಲವಾದ ಬಿ ಕೋಶಗಳನ್ನೇ ತಗ್ಗಿಸುವ ರಿಟುಕ್ಸಿಮ್ಯಾಬ್‌ಗೆ 2018ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಕೇಳುಗರೇ, ಈ ರೋಗ ಅಂಟುವಂಥದ್ದಲ್ಲ. ಮನೆಯಲ್ಲಿ ಯಾರಿಗಾದರೂ ಬಂದರೆ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಬಾಯಿಹುಣ್ಣು ಮೂರು ವಾರವಾದರೂ ಆರದಿದ್ದರೆ, ಗುಳ್ಳೆ ಮತ್ತೆ ಮತ್ತೆ ಎದ್ದರೆ, ಚರ್ಮವೈದ್ಯರಿಗೆ ತೋರಿಸಿ. ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.