ಒಂದು ವರ್ಷದ ಲೆಕ್ಕ: 1923

(ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜರಗಿದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವರ್ಷ ಮುಗಿಯುವಾಗ ಹನ್ನೆರಡು ತಿಂಗಳ ವಿದ್ಯಮಾನಗಳನ್ನು ಪಟ್ಟಿ ಮಾಡುವುದು ಪತ್ರಿಕೆಗಳ ವಾಡಿಕೆ. ಆದರೆ ನಿನ್ನೆ ಮೊನ್ನೆ ಕಳೆದ ವರ್ಷವನ್ನು ತೂಗುವುದು ಸುಲಭವಲ್ಲ. ಯಾವುದು ಹೆಚ್ಚು ಸದ್ದು ಮಾಡಿತೋ ಅದೇ ದೊಡ್ಡದೆಂದು ತೋರುತ್ತದೆ. ಯಾವುದು ಬೇರು ಬಿಟ್ಟಿತೆಂಬುದು ತಿಳಿಯಲು ದಶಕಗಳೇ ಬೇಕಾಗುತ್ತವೆ. ಆದ್ದರಿಂದ ಇಂದು ಫಲಿತಾಂಶ ನಮ್ಮ ಕಣ್ಣೆದುರಿಗೇ ಇರುವ ಒಂದು ಹಳೆಯ ವರ್ಷವನ್ನು ಆರಿಸಿಕೊಂಡಿದ್ದೇನೆ. ಅದು 1923. ಹಿಜರಿ ಲೆಕ್ಕದಲ್ಲಿ 1341. ಆಗಸ್ಟ್ ತಿಂಗಳ ನಡುವಿನಿಂದ 1342.

ಈ ಬಜಾರು ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾತ್ಮಾ ಗಾಂಧಿಯವರು ಆ ವರ್ಷದ ಒಂದು ದಿನವನ್ನೂ ಹೊರಗೆ ಕಳೆಯಲಿಲ್ಲ. 1922ರ ಮಾರ್ಚ್‌ನಲ್ಲಿ ಆರು ವರ್ಷಗಳ ಶಿಕ್ಷೆಗೊಳಗಾದ ಅವರು ಬಿಡುಗಡೆಯಾದುದು 1924ರ ಫೆಬ್ರವರಿಯಲ್ಲಿ. ಅಂದರೆ ನಾವು ಅವಲೋಕಿಸಲಿರುವುದು ಯರವಡಾ ಜೈಲಿನ ಗೋಡೆಗಳ ಹೊರಗೆ ಗಾಂಧೀಜಿಯಿಲ್ಲದೆ ಕಳೆದ ಒಂದು ವರ್ಷವನ್ನು.

ಆ ವರ್ಷದ ಮೊದಲ ತಿಂಗಳಲ್ಲಿಯೇ ಇಲ್ಲಿಂದ ಕೆಲವೇ ಮೈಲಿ ದೂರದ ಭದ್ರಾವತಿಯಲ್ಲಿ ಒಂದು ಬೆಂಕಿ ಹೊತ್ತಿಕೊಂಡಿತು. ಹಿಂದೆ ಬೆಂಕಿಪುರವೆಂದೇ ಹೆಸರಾಗಿದ್ದ ಆ ಊರಿನಲ್ಲಿ 1923ರ ಜನವರಿ 18ರಂದು ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆ ಕೆಲಸ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದ್ದು; ಇಂಧನ ಮಲೆನಾಡಿನ ಮರದ ಇದ್ದಿಲು. ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಈ ಯೋಜನೆ ಪೂರ್ಣಗೊಳ್ಳುವ ಹೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿಯಿಂದ ಎಂದೋ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ನಷ್ಟದ ಹೊರೆ ಹೊತ್ತ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡದ್ದೂ ಅದೇ ವರ್ಷ. ಕನ್ನಡ, ಉರ್ದು, ತಮಿಳು, ತೆಲುಗು, ಮಲಯಾಳಂ ಮಾತಾಡುವ ಕುಟುಂಬಗಳು ಒಂದೇ ಸೈರನ್ನಿಗೆ ಎದ್ದು ಕೆಲಸಕ್ಕೆ ಹೋಗುವ ಊರೊಂದು ಆ ಕುಲುಮೆಯ ಸುತ್ತ ಬೆಳೆಯಿತು.

ಅದೇ ಜನವರಿಯ 30ರಂದು ಸ್ವಿಜರ್‌ಲ್ಯಾಂಡಿನ ಲೋಸಾನ್ ನಗರದಲ್ಲಿ ಗ್ರೀಸ್ ಮತ್ತು ಟರ್ಕಿ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಟರ್ಕಿಯಲ್ಲಿರುವ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನಲ್ಲಿರುವ ಮುಸ್ಲಿಮರು ಟರ್ಕಿಗೆ ಹೋಗಬೇಕೆಂಬುದು ಅದರ ಸಾರ. ಇಸ್ತಾಂಬುಲಿನ ಗ್ರೀಕರಿಗೂ ಪಶ್ಚಿಮ ಥ್ರೇಸಿನ ಮುಸ್ಲಿಮರಿಗೂ ಮಾತ್ರ ವಿನಾಯಿತಿ. ಸುಮಾರು 12 ಲಕ್ಷ ಕ್ರೈಸ್ತರು ಮತ್ತು ಸುಮಾರು 4 ಲಕ್ಷ ಮುಸ್ಲಿಮರು ಈ ಲೆಕ್ಕಾಚಾರದೊಳಗೆ ಬಂದರು. ಕ್ರೈಸ್ತರಲ್ಲಿ ಹೆಚ್ಚಿನವರು ಯುದ್ಧದ ಭೀತಿಯಿಂದ ಆಗಲೇ ಓಡಿಹೋಗಿದ್ದರು. ಅವರು ಮರಳಿ ಬರುವ ಬಾಗಿಲನ್ನು ಒಪ್ಪಂದ ಮುಚ್ಚಿತು. ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್. ಅನಾತೋಲಿಯಾದ ಅನೇಕ ಕ್ರೈಸ್ತರ ಮನೆಮಾತು ಟರ್ಕಿಶ್. ಆದರೂ ಅವರು ಯಾವ ಭಾಷೆಯಲ್ಲಿ ಜೋಗುಳ ಹಾಡುತ್ತಾರೆ, ಅವರ ಹಿರಿಯರು ಯಾವ ಮಣ್ಣಿನಲ್ಲಿ ಮಲಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಧರ್ಮವೊಂದನ್ನೇ ನೋಡಿ ಮನುಷ್ಯರನ್ನು ಹಡಗಿಗೆ ಹತ್ತಿಸಿದರು. 'ನಿಮ್ಮವರ ದೇಶ'ಕ್ಕೆ ಬಂದವರು ಅಲ್ಲಿ ಪರಕೀಯರಾಗಿಯೇ ಬಹುಕಾಲ ಉಳಿದರು. ನಮ್ಮ ನಾಡಿನಲ್ಲಿ ಕೋಪ ಬಂದಾಗಲೆಲ್ಲ 'ಅಲ್ಲಿಗೆ ಹೋಗಿ' ಎನ್ನುವವರೂ, ಪರದೇಶದ ಕನಸಿನಲ್ಲಿ ಊರನ್ನು ಮರೆಯುವವರೂ ಲೋಸಾನಿನ ಈ ಪುಟವನ್ನು ಒಮ್ಮೆ ಓದಬೇಕು.

ಟರ್ಕಿಯ ವಿಷಯ ನಮ್ಮ ಹಿರಿಯರಿಗೆ ಬಹಳ ಹತ್ತಿರವಾದುದಾಗಿತ್ತು. ಖಿಲಾಫತ್ ಚಳವಳಿ ಹಿಂದೂ ಮುಸ್ಲಿಮರನ್ನು ಒಂದೇ ವೇದಿಕೆಗೆ ತಂದಿತ್ತು. ಸಾವಿರಾರು ಮಂದಿ ಜೈಲು ಸೇರಿದ್ದರು. ಆದರೆ 1923 ಉದಯಿಸುವ ಹೊತ್ತಿಗೆ ಖಲೀಫ ಎರಡನೆಯ ಅಬ್ದುಲ್ ಮಜೀದ್ ಅಧಿಕಾರವಿಲ್ಲದ ಬಿರುದೊಂದನ್ನು ಮಾತ್ರ ಧರಿಸಿದ್ದರು. ಸುಲ್ತಾನಗಿರಿ 1922ರ ನವೆಂಬರ್ 1ರಂದೇ ರದ್ದಾಗಿತ್ತು. 1923ರ ಜುಲೈ 24ರಂದು ಲೋಸಾನ್ ಶಾಂತಿ ಒಪ್ಪಂದವಾಯಿತು. ಅಕ್ಟೋಬರ್ 29ರಂದು ಟರ್ಕಿ ಗಣರಾಜ್ಯವಾಯಿತು. ಆಗ ಭಾರತದ ಇಬ್ಬರು ಗಣ್ಯರು, ಆಗಾ ಖಾನ್ ಮತ್ತು ಸೈಯದ್ ಅಮೀರ್ ಅಲಿ, ಖಿಲಾಫತ್ತನ್ನು ಉಳಿಸಬೇಕೆಂದು ಇಸ್ಮೆತ್ ಪಾಷಾರಿಗೆ ಪತ್ರ ಬರೆದರು. ಪತ್ರವು ಅಂಕಾರಾದ ಸರಕಾರದ ಕೈಸೇರುವ ಮೊದಲೇ ಡಿಸೆಂಬರಿನಲ್ಲಿ ಇಸ್ತಾಂಬುಲಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಬ್ರಿಟಿಷರ ಪ್ರಜೆಗಳು ತಮ್ಮ ಆಂತರಿಕ ವಿಷಯದಲ್ಲಿ ತಲೆ ಹಾಕುತ್ತಿದ್ದಾರೆಂದು ಅಲ್ಲಿನ ನಾಯಕರು ಕೆರಳಿದರು. ಉಳಿಸಲೆಂದು ಬರೆದ ಪತ್ರ ಅಳಿಸುವವರಿಗೆ ನೆಪವಾಯಿತು. 1924ರ ಮಾರ್ಚ್ 3ರಂದು ಖಿಲಾಫತ್ ಇಲ್ಲವಾಯಿತು. ನಮ್ಮ ಹಿರಿಯರ ತ್ಯಾಗದ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೆ ದೂರದ ನಾಡಿನ ಜನ ಏನು ಬಯಸುತ್ತಿದ್ದಾರೆಂದು ತಿಳಿಯದೆ ಅವರ ಪರವಾಗಿ ಭಾವಾವೇಶಗೊಳ್ಳುವುದರ ಬೆಲೆಯೇನೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಜರ್ಮನಿಯತ್ತ ನೋಡೋಣ. ಯುದ್ಧ ಪರಿಹಾರದ ಹೊರೆ, ರೂರ್ ಪ್ರದೇಶಕ್ಕೆ ನುಗ್ಗಿದ ಫ್ರೆಂಚ್ ಮತ್ತು ಬೆಲ್ಜಿಯಂ ಸೇನೆ, ಎಡೆಬಿಡದೆ ನೋಟು ಮುದ್ರಿಸಿದ ಸರಕಾರ. ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜೀವನವಿಡೀ ಕೂಡಿಟ್ಟ ಹಣಕ್ಕೆ ಒಂದು ರೊಟ್ಟಿಯೂ ಬಾರದಂತಾದ ಮಧ್ಯಮ ವರ್ಗದ ಹೊಟ್ಟೆಯ ಉರಿಗೆ ಉತ್ತರ ಹುಡುಕುವ ಬದಲು ಶತ್ರುವನ್ನು ತೋರಿಸಿದವರಿಗೆ ಮಾರುಕಟ್ಟೆ ಸಿಕ್ಕಿತು. ನವೆಂಬರ್ 8 ಮತ್ತು 9ರಂದು ಮ್ಯೂನಿಕ್‌ನಲ್ಲಿ ಹಿಟ್ಲರ್ ನಡೆಸಿದ ದಂಗೆ ವಿಫಲವಾಯಿತು. ನ್ಯಾಯಾಲಯ ಐದು ವರ್ಷ ಶಿಕ್ಷೆ ವಿಧಿಸಿದರೂ ಆತ ಒಂದು ವರ್ಷ ತುಂಬುವ ಮೊದಲೇ ಹೊರಬಂದ. ಆ ವರ್ಷದ ಲೆಕ್ಕ ಬರೆದವರಿಗೆ ಅದೊಂದು ಮುಗಿದ ಕಥೆ. ಹತ್ತು ವರ್ಷಗಳಲ್ಲಿ ಆತ ಜರ್ಮನಿಯ ಚಾನ್ಸಲರ್ ಆಗಿದ್ದ.

ಸೆಪ್ಟೆಂಬರ್ 1ರ ಮಧ್ಯಾಹ್ನಕ್ಕೆ ಎರಡು ನಿಮಿಷ ಮೊದಲು ಜಪಾನಿನ ಟೋಕಿಯೊ, ಯೊಕೊಹಾಮಾ ನಗರಗಳ ಭೂಮಿ ನಡುಗಿತು. ಅಡುಗೆಯ ಹೊತ್ತು, ಒಲೆಗಳ ಬೆಂಕಿ ಮರದ ಮನೆಗಳಿಗೆ ಹಬ್ಬಿತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇದು ಪ್ರಕೃತಿಯ ವಿಕೋಪ. ಆದರೆ ಆ ಬಳಿಕ ನಡೆದುದು ಮನುಷ್ಯನ ಕೈಕೆಲಸ. ಕೊರಿಯನ್ನರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆಂಬ ವದಂತಿ ಹಬ್ಬಿತು; ಪತ್ರಿಕೆಗಳೂ ಅದನ್ನು ಮುದ್ರಿಸಿದವು. ಬಿದಿರಿನ ಈಟಿ ಹಿಡಿದ ಗುಂಪುಗಳು ಸಾವಿರಾರು ನಿರಪರಾಧಿಗಳನ್ನು ಕೊಂದವು. ಪೊಲೀಸರೂ ಸೈನಿಕರೂ ಅದರಲ್ಲಿ ಭಾಗಿಗಳಾದರು. ಆದರೆ ತ್ಸುರುಮಿ ಠಾಣೆಯ ಅಧಿಕಾರಿ ಒಕಾವಾ ತ್ಸುನೆಕಿಚಿ ಸುಮಾರು 300 ಮಂದಿಗೆ ಠಾಣೆಯಲ್ಲಿ ಆಶ್ರಯ ಕೊಟ್ಟರು; ವಿಷ ಬೆರೆತಿದೆಯೆನ್ನಲಾದ ನೀರನ್ನು ಜನರೆದುರೇ ಕುಡಿದು ತೋರಿಸಿದರು. ಸುದ್ದಿಯನ್ನು ಪರೀಕ್ಷಿಸದೆ ನಂಬಬಾರದೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಪರೀಕ್ಷಿಸುವುದೆಂದರೇನೆಂದು ಈ ಅಧಿಕಾರಿ ಒಂದು ಲೋಟ ನೀರಿನಿಂದ ಕಲಿಸಿದರು.

ಇನ್ನು ನಮ್ಮ ದೇಶ. ಅಸಹಕಾರ ಚಳವಳಿ ನಿಂತಿತ್ತು, ಗಾಂಧೀಜಿ ಜೈಲಿನಲ್ಲಿ. ಆ ತೆರವಿನಲ್ಲಿ ಒಂದು ಕಡೆ ಶುದ್ಧಿ, ಸಂಘಟನೆ, ಇನ್ನೊಂದು ಕಡೆ ತಬ್ಲೀಗ್, ತನ್ಝೀಮ್ ಎಂಬ ಪೈಪೋಟಿ ತಲೆಯೆತ್ತಿತು. ಅಮೃತಸರ, ಸಹಾರನಪುರಗಳಲ್ಲಿ ಗಲಭೆಗಳಾದವು. ಸಾವರ್ಕರರ 'ಹಿಂದುತ್ವ' ಕುರಿತ ಪುಸ್ತಕ ಬೇರೊಂದು ಹೆಸರಿನಲ್ಲಿ ಪ್ರಕಟವಾದುದು ಇದೇ ವರ್ಷ. ಎರಡು ವರ್ಷಗಳ ಹಿಂದೆ ಒಟ್ಟಿಗೆ ಜೈಲಿಗೆ ಹೋದವರು ಈಗ ಪರಸ್ಪರರ ತಲೆ ಎಣಿಸತೊಡಗಿದ್ದರು.

ಈ ಕತ್ತಲಿನಲ್ಲಿ ಎರಡು ದೀಪಗಳಿದ್ದವು. ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಕಾಂಗ್ರೆಸ್ಸಿನ ವಿಶೇಷ ಅಧಿವೇಶನದ ಅಧ್ಯಕ್ಷತೆ ವಹಿಸಿದ ಮೌಲಾನಾ ಅಬುಲ್ ಕಲಾಂ ಆಝಾದರಿಗೆ ಆಗ ಇನ್ನೂ 35 ತುಂಬಿರಲಿಲ್ಲ. ದೇವದೂತನೇ ಕುತುಬ್ ಮಿನಾರಿನ ಮೇಲಿಳಿದು, ಹಿಂದೂ ಮುಸ್ಲಿಂ ಐಕ್ಯವನ್ನು ಬಿಟ್ಟುಕೊಟ್ಟರೆ 24 ಗಂಟೆಗಳಲ್ಲಿ ಸ್ವರಾಜ್ಯ ಎಂದರೂ ತಾನು ಸ್ವರಾಜ್ಯವನ್ನೇ ಬಿಟ್ಟೇನು, ಐಕ್ಯವನ್ನಲ್ಲ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಸ್ವರಾಜ್ಯ ತಡವಾದರೆ ನಷ್ಟ ಭಾರತಕ್ಕೆ, ಐಕ್ಯ ಹೋದರೆ ನಷ್ಟ ಮನುಕುಲಕ್ಕೆ ಎಂಬುದು ಅವರ ತರ್ಕ. ಡಿಸೆಂಬರಿನ ಕಾಕಿನಾಡ ಅಧಿವೇಶನಕ್ಕೆ ಅದೇ ವರ್ಷ ಜೈಲಿನಿಂದ ಹೊರಬಂದ ಮೌಲಾನಾ ಮುಹಮ್ಮದ್ ಅಲಿ ಅಧ್ಯಕ್ಷರು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳ ಹುಟ್ಟಿಕೊಂಡದ್ದು ಅಲ್ಲಿಯೇ. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು ಬಂದಿದ್ದ ಕನ್ನಡ ನಾಡಿನ ಈ ವೈದ್ಯರು, ಉತ್ಸಾಹಕ್ಕಿಂತ ಶಿಸ್ತು ಮುಖ್ಯವೆಂದು ಅರಿತವರಾಗಿದ್ದರು.

ಮೈಸೂರು ಸಂಸ್ಥಾನದಲ್ಲಿ ಯಾವ ಗದ್ದಲವೂ ಇಲ್ಲದೆ ಇನ್ನೊಂದು ಕೆಲಸವಾಯಿತು. 1881ರಿಂದ ನಡೆದು ಬಂದ ಪ್ರಜಾಪ್ರತಿನಿಧಿ ಸಭೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಶಾಸನದ ಮೂಲಕ, ಕಾನೂನಿನ ಬಲ ಬಂತು. ಮತದ ಅರ್ಹತೆಯಲ್ಲಿ ಸ್ತ್ರೀಯರಿಗಿದ್ದ ಅಡ್ಡಿಯೂ ನಿವಾರಣೆಯಾಯಿತು. ಆಸ್ತಿ, ತೆರಿಗೆಗಳ ಮಿತಿ ಇದ್ದೇ ಇತ್ತು. ಆದರೂ ಇದು ಸಣ್ಣ ಮಾತಲ್ಲ.

ಬಂಧುಗಳೇ, ಈಗ ಲೆಕ್ಕವನ್ನು ಕೂಡೋಣ. 1923ರಲ್ಲಿ ಈ ಪೇಟೆಯ ಮುಸ್ಲಿಂ ಗೃಹಸ್ಥನೊಬ್ಬನನ್ನು ವರ್ಷದ ಮುಖ್ಯ ಸುದ್ದಿ ಯಾವುದೆಂದು ಕೇಳಿದ್ದರೆ ಆತ ಇಸ್ತಾಂಬುಲಿನ ಹೆಸರು ಹೇಳುತ್ತಿದ್ದನೇ ಹೊರತು ಬೆಂಕಿಪುರದ ಕುಲುಮೆಯನ್ನಲ್ಲ. ಶಾಸನಸಭೆಯ ನಿಯಮಗಳನ್ನಂತೂ ಅಲ್ಲವೇ ಅಲ್ಲ. ಆದರೆ ಆತನ ಮೊಮ್ಮಕ್ಕಳ ಅನ್ನ, ಶಾಲೆ, ಮತದ ಹಕ್ಕು ಎಲ್ಲವೂ ಬಂದುದು ಆತ ಗಮನಿಸದ ಆ ಎರಡು ಸುದ್ದಿಗಳ ದಾರಿಯಿಂದ. ಮುಂದೆ 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಭದ್ರಾವತಿಗೆ ಉಕ್ಕು ಬಂತು, 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅವರು ಮುಸ್ಲಿಮರ ದಿವಾನರಾಗಲಿಲ್ಲ, ಮೈಸೂರಿನ ದಿವಾನರಾದರು.

ಆ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕು ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅವರ ಧರಣಿಯ ಚಾಪೆಯಲ್ಲಿ ಎಲ್ಲ ಜಾತಿ ಧರ್ಮದವರೂ ಕುಳಿತಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 2022ರ ಫೆಬ್ರವರಿ ಮತ್ತು ಆಗಸ್ಟ್‌ಗಳಲ್ಲಿ, ಶಿವಮೊಗ್ಗ ನಿಷೇಧಾಜ್ಞೆ ಕಂಡಿತ್ತು. ಈ ಬಜಾರಿನ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಈ ಎರಡರಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾದುದು ಯಾವುದು? ಯಾವುದರ ಬಗ್ಗೆ ನಮ್ಮ ಯುವಕರ ಮೊಬೈಲುಗಳಲ್ಲಿ ಹೆಚ್ಚು ಸಂದೇಶಗಳು ಹರಿದಾಡಿದವು? ಬಾಗಿಲು ಮುಚ್ಚಿದಾಗ ದಿನದ ಸಂಪಾದನೆ ಕಳೆದುಕೊಂಡ ಹೂವಿನವಳಿಗೂ ಗಾಡಿಯವನಿಗೂ ಧರ್ಮ ಬೇರೆ ಬೇರೆ ಇರಬಹುದು, ಆ ರಾತ್ರಿಯ ಖಾಲಿ ಪಾತ್ರೆ ಒಂದೇ.

ಹಾಗೆಂದು ಜಗತ್ತಿನ ಕಡೆಗೆ ಕಣ್ಣು ಮುಚ್ಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ದೂರದ ಅನ್ಯಾಯಕ್ಕೆ ಮರುಗದ ಮನಸ್ಸು ಹತ್ತಿರದ ಅನ್ಯಾಯಕ್ಕೂ ಮರುಗದು. ನನ್ನ ವಿನಂತಿ ಇಷ್ಟೇ. ವರ್ಷದ ಕೊನೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ವರ್ಷ ಪರೀಕ್ಷಿಸದೆ ನಾವು ದಾಟಿಸಿದ ಸುದ್ದಿಗಳೆಷ್ಟು? ನಮ್ಮ ಮಗಳೋ ಮಗನೋ ಹೊಸದಾಗಿ ಕಲಿತ ಕಸುಬು ಯಾವುದು? ಪಕ್ಕದ ಮನೆಯವರ ಕಷ್ಟಕ್ಕೆ ನಾವು ಎಷ್ಟು ಸಲ ಹೊಸ್ತಿಲು ದಾಟಿದೆವು? ನೂರು ವರ್ಷಗಳ ಬಳಿಕ ಈ ಪೇಟೆಯಲ್ಲಿ ಯಾರಾದರೂ ನಮ್ಮ ವರ್ಷದ ಲೆಕ್ಕ ತೆಗೆದರೆ, ಈ ಮೂರು ಪ್ರಶ್ನೆಗಳ ಉತ್ತರವೇ ಅದರಲ್ಲಿ ಉಳಿದಿರುತ್ತದೆ.