ಸಮತೋಲ ಪಶು ಆಹಾರ: ತಿಳಿವಳಿಕೆಯೇ ಬಂಡವಾಳ



ಚೆನ್ನೈನ ಪ್ಯಾರೀಸ್ ಕಾರ್ನರಿನ ಅಂಗಡಿ, ಗೋದಾಮು, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಊರಿನ ಮನೆಯಲ್ಲಿ ಒಂದೆರಡು ಕರೆಯುವ ಹಸುಗಳನ್ನು ಉಳಿಸಿಕೊಂಡವರು ಇದ್ದಾರೆ. ಅಂಥವರು ಊರಿಗೆ ಕಳುಹಿಸುವ ಹಣದಲ್ಲಿ ಹಿಂಡಿ-ಬೂಸಾಕ್ಕೂ ಒಂದು ಪಾಲು ಸಲ್ಲುತ್ತದೆ. ಆ ಹಣವು ಹಾಲಾಗಿ ಹಿಂತಿರುಗುತ್ತಿದೆಯೇ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಹೈನುಗಾರಿಕೆಯ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಮೇವು ಮತ್ತು ಆಹಾರದ್ದು. ನಮ್ಮ ರೈತರು ಹಸುವನ್ನು ಹಸಿವಿನಲ್ಲಿರಿಸುವವರಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ಪೋಷಣೆ ದೊರೆಯುವುದು ಬೇರೆ. ಬರಿಯ ರಾಗಿ ಹುಲ್ಲಿನಲ್ಲಿ ಸಸಾರಜನಕ ಸಾಲದು. ಕಡಲೆಕಾಯಿ ಹಿಂಡಿಯನ್ನು ಅಗತ್ಯಕ್ಕಿಂತ ಹೆಚ್ಚು ಕೊಟ್ಟರೆ, ಹೆಚ್ಚಾದ ಸಸಾರಜನಕವು ಮೂತ್ರದ ಮೂಲಕ ವ್ಯರ್ಥವಾಗಿ ಹೋಗುತ್ತದೆ.

ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ದೇಹಪೋಷಣೆಗೆ ಒಂದೂವರೆ ಕಿಲೋ ಪಶು ಆಹಾರ ಬೇಕು. ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋದಂತೆ ಇನ್ನೂ 4 ಕಿಲೋ ಸೇರಿ, ಒಟ್ಟು ಐದೂವರೆ ಕಿಲೋ ಆಗುತ್ತದೆ. ಇದನ್ನು ಎರಡು ಹೊತ್ತಿಗೆ ಹಂಚಿ ಕೊಡಬೇಕು. ಜೊತೆಗೆ 15ರಿಂದ 20 ಕಿಲೋ ಹಸಿರು ಮೇವು, 4ರಿಂದ 5 ಕಿಲೋ ಒಣ ಮೇವು, 50 ಗ್ರಾಂ ಖನಿಜ ಮಿಶ್ರಣ ಮತ್ತು ಸದಾ ಶುದ್ಧ ನೀರು ಇರಬೇಕು. ಖನಿಜ ಮಿಶ್ರಣವು ಕಾಯಿಲೆ ಬಂದಾಗ ಕೊಡುವ ಔಷಧವಲ್ಲ, ಅದು ದಿನನಿತ್ಯದ ಆಹಾರದ ಒಂದು ಭಾಗ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ತಡವಾಗಿ. ಹಾಲು ಬತ್ತಿದೊಡನೆ ಗಬ್ಬದ ಹಸುವಿನ ಪಶು ಆಹಾರವನ್ನು ನಿಲ್ಲಿಸುವ ಪದ್ಧತಿ ಹಲವೆಡೆ ಇದೆ. ಆದರೆ ಕರು ಹೊಟ್ಟೆಯಲ್ಲಿ ವೇಗವಾಗಿ ಬೆಳೆಯುವುದು ಕೊನೆಯ ಎರಡು ತಿಂಗಳಲ್ಲಿಯೇ. ಆಗ ದೇಹಪೋಷಣೆಯ ಆಹಾರದ ಮೇಲೆ ಇನ್ನೂ 1 ಕಿಲೋ ಕೊಡದಿದ್ದರೆ ಕರು ಬಡಕಲಾಗುತ್ತದೆ, ಮುಂದಿನ ಸೂಲಿನ ಹಾಲು ಕುಗ್ಗುತ್ತದೆ, ಹಸು ಮತ್ತೆ ಬೆದೆಗೆ ಬರುವುದೂ ತಡವಾಗುತ್ತದೆ. ಇಂದು ಉಳಿಸಿದ ಹಿಂಡಿಯ ಹಣಕ್ಕಿಂತ ನಾಳೆಯ ನಷ್ಟವೇ ದೊಡ್ಡದು.

ಪಶುಪೋಷಣೆಯ ಸಂಶೋಧನೆಗೆಂದೇ ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು. ರಾಷ್ಟ್ರೀಯ ಹೈನು ಯೋಜನೆಯ ಮೊದಲ ಹಂತದಲ್ಲಿ ತರಬೇತಿ ಪಡೆದ ಗ್ರಾಮಸ್ಥರು ಹಸುವಿನ ಎದೆಯ ಸುತ್ತಳತೆ, ಹಾಲಿನ ಪ್ರಮಾಣ, ಮನೆಯಲ್ಲಿರುವ ಮೇವು ಇವುಗಳನ್ನು ಗಣಕಯಂತ್ರಕ್ಕೆ ಒದಗಿಸಿ, ಕಡಿಮೆ ಖರ್ಚಿನ ಆಹಾರವನ್ನು ಸೂಚಿಸಿದರು. 2019ರಲ್ಲಿ ಆ ಹಂತ ಮುಗಿಯಿತು, ಆದರೆ ಅದು ಕಲಿಸಿದ ಲೆಕ್ಕ ಉಳಿದಿದೆ.

ಈ ತಿಳಿವಳಿಕೆ ಯಾರಿಗೆ ತಲುಪಬೇಕು? ಹಾಲು ಉತ್ಪಾದಕರ ಸಂಘದ ಪುಸ್ತಕದಲ್ಲಿ ಹೆಸರು ಯಾರದೇ ಇರಲಿ, ಗೋದಲಿಗೆ ಮೇವು ಹಾಕುವ ಕೈ ಬಹುಪಾಲು ಮನೆಯ ಹೆಣ್ಣುಮಕ್ಕಳದು. ಆದುದರಿಂದ ಮುಂದಿನ ಬಾರಿ ಊರಿಗೆ ಹಣ ಕಳುಹಿಸುವಾಗ ಈ ಲೆಕ್ಕವನ್ನೂ ಅವರಿಗೆ ತಿಳಿಸಿ. ಗಬ್ಬದ ಹಸುವಿಗೆ ಏನು ಕೊಡುತ್ತಿದ್ದಾರೆಂದು ತಪ್ಪದೆ ವಿಚಾರಿಸಿ.